ಶಹನಾಯಿ ಕೇಳಿದ ಗೋಧಿ

ನನ್ನ ತಂಗಿಯ ಮಗಳು ಸವಿತಾಳಿಗೆ ನೆಲೋಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿಯ ಕೆಲಸ ಸಿಕ್ಕಿದೆ. ಆರ್ಡರು ಕೈಗೆ ಬಂದ ದಿನವೇ ಪೇಢೆಯ ಡಬ್ಬಿ ಹಿಡಿದುಕೊಂಡು ಆಳಂದದ ನಮ್ಮ ಮನೆಗೆ ಬಂದಳು. ಮೊದಲ ದಿನ ಶಾಲೆಗೆ ಏನೇನು ಒಯ್ಯಬೇಕು ದೊಡ್ಡವ್ವ ಎಂದು ಕೇಳಿದಳು. ಊಟದ ಡಬ್ಬಿ ಒಯ್ಯಿ, ಉಳಿದದ್ದು ಆಮೇಲೆ ಹೇಳುತ್ತೇನೆ ಅಂದೆ. ಆ ‘ಆಮೇಲೆ’ ಇಷ್ಟು ಪುಟ ಆದೀತೆಂದು ನನಗೂ ಗೊತ್ತಿರಲಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ವಿಜ್ಞಾನ ಕಲಿಸಿದೆ. ಅಫಜಲಪುರ ತಾಲ್ಲೂಕಿನ ಕರಜಗಿಯಲ್ಲಿ ಶುರು, ಆಮೇಲೆ ನಮ್ಮೂರು ಆಳಂದ, ಅಲ್ಲಿಂದ ಭೀಮಾ ದಂಡೆಯ ಮಣ್ಣೂರ, ಕೊನೆಗೆ ಜೇವರ್ಗಿ. ನಡುವೆ ಬಡ್ತಿಯೂ ಬಂತು, ಅದರ ಕಥೆ ಬೇಡ, ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ. ನನಗೆ ಇವತ್ತಿಗೂ ನೆನಪಾಗುವುದು ಕುಂಡಗಳು, ತಟ್ಟೆಗಳು, ಅವುಗಳಲ್ಲಿ ಸತ್ತ ಸಸಿಗಳು ಮತ್ತು ಅವುಗಳ ಮುಂದೆ ನಿಂತು ನನ್ನನ್ನು ನೋಡಿದ ಮುಖಗಳು. ಕೋಣೆಯೊಳಗೆ ಇಟ್ಟ ಗಿಡ ಕರೆಂಟಿನಿಂದ ಬೆಳೆಯುತ್ತದೋ, ಹಾಡಿನಿಂದ ಬೆಳೆಯುತ್ತದೋ ಎಂಬ ಒಂದು ಹುಚ್ಚು ನನಗೆ ಮೊದಲ ವರ್ಷವೇ ಅಂಟಿಕೊಂಡಿತ್ತು. ಜೊತೆಗೆ ಸಿಟ್ಟು ಮೂಗಿನ ತುದಿಯಲ್ಲೇ. ಈ ಎರಡೂ ಸೇರಿ ಮಾಡಿದ ಅನಾಹುತವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಉಪಯೋಗವಾದರೆ ಆಗಲಿ.

ಕರಜಗಿಗೆ ಹೋದಾಗ ನನಗೆ ಇಪ್ಪತ್ನಾಲ್ಕು ವರ್ಷ. ಹಳೆಯ ಪತ್ರಿಕೆಯೊಂದರಲ್ಲಿ, ಮಣ್ಣಿಗೆ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿದರೆ ಸಸಿಗಳು ಬೇಗ ಬೆಳೆಯುತ್ತವೆ ಎಂದು ಯಾರೋ ಬರೆದಿದ್ದರು. ಓದಿದ್ದೇ ತಡ, ಎರಡು ಕುಂಡ ತರಿಸಿ ಮೆಂತೆ ಹಾಕಿಸಿದೆ. ಒಂದರಲ್ಲಿ ಎರಡು ತಾಮ್ರದ ತಂತಿ ಚುಚ್ಚಿ ಟಾರ್ಚಿನ ಮೂರು ಸೆಲ್ಲು ಜೋಡಿಸಿದೆ.

ಆಗ ನಮ್ಮ ಹೆಡ್‌ಮಾಸ್ತರು ಶರಣಪ್ಪನವರು. ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಎರಡು ಪೆನ್ನು, ಮಾತು ಕಡಿಮೆ. ನಾನು ಪ್ರಯೋಗ ಶುರುಮಾಡಿದ ಮೂರನೆಯ ದಿನ ಅವರ ಜೇಬು ಒಂದು ಕಡೆ ಜೋತುಬಿದ್ದಿತ್ತು. ನೋಡಿದರೆ ಶಾಲೆಯ ಮೀಟರ್ ಬೋರ್ಡಿನ ಫ್ಯೂಜು. ನನ್ನ ಪಿರಿಯಡ್ ಶುರುವಾಗುವ ಮುಂಚೆ ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವುದು, ಮುಗಿದ ಮೇಲೆ ಮತ್ತೆ ಸಿಕ್ಕಿಸುವುದು. ನನಗೆ ಭಾರೀ ಅವಮಾನವಾಯಿತು. ಟಾರ್ಚಿನ ಸೆಲ್ಲಿಗೂ ಗೋಡೆಯ ಕರೆಂಟಿಗೂ ವ್ಯತ್ಯಾಸ ನನಗೆ ಗೊತ್ತಿಲ್ಲವೇ ಎಂದು ಸ್ಟಾಫ್ ರೂಮಿನಲ್ಲೇ ಕೇಳಿಬಿಟ್ಟೆ. ಅವರು ಕೂಗಾಡಲಿಲ್ಲ.

‘ನಿಮಗ ಗೊತ್ತದ ಅಕ್ಕೋರ. ನಿಮ್ಮನ್ನ ನೋಡಿ ಮನೀಗಿ ಹೋಗಿ ಮಾಡೋ ಹುಡುಗರಿಗಿ ಗೊತ್ತಿಲ್ಲ’ ಅಂದರು.

ಮರುದಿನವೇ ಮಕ್ಕಳಿಗೆ ಸೆಲ್ಲು ಬೇರೆ, ಗೋಡೆಯ ಕರೆಂಟು ಬೇರೆ, ಅದನ್ನು ಮುಟ್ಟಿದರೆ ಜೀವ ಹೋಗುತ್ತದೆ ಎಂದು ಒಂದು ಇಡೀ ಪಿರಿಯಡ್ ಹೇಳಿಸಿದರು. ಹೇಳಿದವಳು ನಾನೇ, ಹಿಂದೆ ಬಾಗಿಲಲ್ಲಿ ನಿಂತು ಕೇಳಿದವರು ಅವರು. ನನ್ನ ಕೈಕೆಳಗೆ ಓದಿದ ಒಂದು ಮಗುವಿಗೂ ಕರೆಂಟಿನಿಂದ ಏನೂ ಆಗಿಲ್ಲ. ಆ ಪುಣ್ಯದಲ್ಲಿ ಅವರ ಜೇಬಿನ ಪಾಲು ದೊಡ್ಡದು.

ಇತ್ತ ಎಂಟು ದಿನದಲ್ಲಿ ಕರೆಂಟಿನ ಕುಂಡದ ಮೆಂತೆ ಎಲ್ಲ ಬಾಡಿ ಮಲಗಿತು. ಪಕ್ಕದ ಕುಂಡದಲ್ಲಿ ಹಸಿರು ಕಣ್ಣು ತುಂಬುತ್ತಿತ್ತು. ಕರೆಂಟು ಹೆಚ್ಚಾಯಿತೇನೋ ಎಂದು ಮೂರು ಸೆಲ್ಲು ತೆಗೆದು ಒಂದು ಹಾಕಿದೆ, ಮತ್ತೆ ಬಿತ್ತಿದೆ. ಅದೂ ಸತ್ತಿತು. ತಲೆ ಕೆಟ್ಟು ಕುಂಡದ ಮಣ್ಣು ಕೈಗೆ ತೆಗೆದುಕೊಂಡರೆ ಮೇಲೆ ಬಿಳಿ ಬಿಳಿ. ಹುಡುಗರನ್ನು ನಿಲ್ಲಿಸಿ ಕೇಳಿದೆ. ಹಿಂದಿನ ಬೆಂಚಿನವನೊಬ್ಬ ಎದ್ದು, ಉಪ್ಪು ಹಾಕಿದರೆ ನೀರಿನಲ್ಲಿ ಕರೆಂಟು ಛಲೋ ಹರಿಯುತ್ತದೆ ಎಂದು ನೀವೇ ಹೋದ ವಾರ ಹೇಳಿದ್ದಿರಲ್ಲ ಅಂದ. ದಿನಾ ಒಂದು ಮುಷ್ಟಿ ಉಪ್ಪು ಮನೆಯಿಂದ ತಂದು ಹಾಕುತ್ತಿದ್ದರಂತೆ, ಸರದಿ ಪ್ರಕಾರ. ಬೈಯಲು ಬಾಯಿ ತೆರೆದವಳು ನಗಲು ಶುರುಮಾಡಿದೆ. ಪಾಠವನ್ನು ಅಷ್ಟು ನಂಬಿ ಪಾಲಿಸಿದ ವಿದ್ಯಾರ್ಥಿಗಳು ಆಮೇಲೆ ನನಗೆ ಸಿಗಲಿಲ್ಲ.

ಆಳಂದದ ವರ್ಷಗಳಲ್ಲಿ ಉಪ್ಪಿಲ್ಲದೆ ಅದೇ ಪ್ರಯೋಗ ಮಾಡಿದೆ. ಕುಂಡ ಎರಡಲ್ಲ, ಆರು. ಕರೆಂಟು ಹರಿಸಿದ ಮೂರಕ್ಕೂ ಹರಿಸದ ಮೂರಕ್ಕೂ ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ. ತಂತಿ ಮಾತ್ರ ಹಸಿರಾಯಿತು. ಅದೇ ಹೊತ್ತಿಗೆ ಶಾಲೆ ನೋಡಲು ಒಬ್ಬ ಸಾಹೇಬರು ಬಂದರು. ಕುಂಡ, ತಂತಿ, ಸೆಲ್ಲು ಎಲ್ಲ ಬಗ್ಗಿ ನೋಡಿ, ‘ಬಲ್ಬು ಎಲ್ಲದ?’ ಎಂದು ಕೇಳಿದರು. ಬಲ್ಬು ಇಲ್ಲ, ಗಿಡ ಬೆಳೆಯುತ್ತದೋ ನೋಡುತ್ತಿದ್ದೇವೆ ಎಂದು ಹತ್ತು ನಿಮಿಷ ವಿವರಿಸಿದೆ. ತಲೆಯಾಡಿಸಿ ಹೋದರು. ಭೇಟಿ ಪುಸ್ತಕ ತೆಗೆದು ನೋಡಿದರೆ, ‘ಬಲ್ಬು ಇನ್ನೂ ಹತ್ತಿಲ್ಲ, ಪ್ರಯತ್ನ ಮುಂದುವರಿಸುವುದು’ ಎಂದು ಬರೆದಿದ್ದರು. ಆವತ್ತು ಮನೆಗೆ ಹೋಗುವವರೆಗೂ ಗೊಣಗಿದೆ. ಈಗ ಅನಿಸುತ್ತದೆ, ನನ್ನ ನೌಕರಿಯ ಬಗ್ಗೆ ಅಧಿಕಾರಿಯೊಬ್ಬರು ಬರೆದ ಅತ್ಯಂತ ಸರಿಯಾದ ವಾಕ್ಯ ಅದೇ.

ಮಣ್ಣೂರಿಗೆ ವರ್ಗವಾದ ಮೇಲೆ ಕರೆಂಟು ಬಿಟ್ಟು ಹಾಡು ಹಿಡಿದೆ.

ದಸರೆಯ ರಜೆ ಮುಗಿದಿತ್ತು. ಕಲಬುರಗಿಯಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನಕ್ಕೆ ಇಪ್ಪತ್ತು ದಿನ ಉಳಿದಿತ್ತು. ನಮ್ಮ ಶಾಲೆಯಿಂದ ಆವರೆಗೆ ಯಾರೂ ಅಲ್ಲಿಗೆ ಹೋಗಿರಲಿಲ್ಲ. ಗೋಧಿ ಬಿತ್ತಿದ ಆರು ತಟ್ಟೆ ಮಾಡಿದೆವು. ಮೂರಕ್ಕೆ ದಿನಾ ಎರಡು ತಾಸು ಸಂಗೀತ, ಮೂರಕ್ಕೆ ಇಲ್ಲ. ನೀರು ಒಂದೇ ಲೋಟದಿಂದ, ಮಣ್ಣು ಒಂದೇ ಹೊಲದ್ದು. ಟೇಪ್ ರೆಕಾರ್ಡರ್ ನನ್ನದೇ. ಊರಲ್ಲಿ ಸಿಕ್ಕ ಕ್ಯಾಸೆಟ್ ಮಾತ್ರ ಒಂದೇ, ಮದುವೆ ಮನೆಯಲ್ಲಿ ಹಾಕುವ ಶಹನಾಯಿ. ಮೊದಲ ದಿನ ಹಾಕಿದ ಕೂಡಲೇ ಪಕ್ಕದ ತರಗತಿಯ ಗಣಿತದ ಮಾಸ್ತರು ಬಾಗಿಲಿಗೆ ಬಂದು, ಯಾರ ಲಗ್ನ ನಡೆದಿದೆ ಎಂದು ವಿಚಾರಿಸಿದರು. ಅವರ ಕಾಟಕ್ಕೆ ಸಂಗೀತದ ಮೂರು ತಟ್ಟೆಗಳನ್ನು ಟೇಪಿನ ಸಮೇತ ಹಿಂದಿನ ಸಾಮಾನಿನ ಕೋಣೆಗೆ ಸಾಗಿಸಿದೆ. ಕಿಟಕಿಯಿಲ್ಲದ ಕೋಣೆ, ಬಾಗಿಲು ಮುಚ್ಚಿದರೆ ಸದ್ದು ಹೊರಗೆ ಬರುತ್ತಿರಲಿಲ್ಲ. ಉಳಿದ ಮೂರು ತಟ್ಟೆ ನನ್ನ ತರಗತಿಯ ಕಿಟಕಿಯ ಕಟ್ಟೆಯ ಮೇಲೇ ಉಳಿದವು. ಕರೆಂಟು ಹೋದ ದಿನ ಮಕ್ಕಳು ಸಾಮಾನಿನ ಕೋಣೆಯ ಬಾಗಿಲಿಗೆ ಬಾಯಿ ಹಚ್ಚಿ ಗೋಧಿಗೆ ಹದಿನೇಳರ ಮಗ್ಗಿ ಕೇಳಿಸುತ್ತಿದ್ದರು.

ಓದುವವರಿಗೆ ಈಗಾಗಲೇ ನನ್ನ ತಪ್ಪು ಕಂಡಿರಬೇಕು. ನನಗೆ ಕಾಣಲಿಲ್ಲ. ಯಾಕೆಂದು ಹೇಳಿದರೆ, ಬೇರೆ ಜಿಲ್ಲೆಯಿಂದ ಬರುವ ಶಿಕ್ಷಕರಿಗೆ ಈ ಸೀಮೆಯ ಮಕ್ಕಳೂ ಸ್ವಲ್ಪ ಅರ್ಥವಾದಾರು.

ನಮ್ಮ ಕಡೆ ನವರಾತ್ರಿಯ ಮೊದಲ ದಿನ ದೇವರ ಕೋಣೆಯಲ್ಲಿ ಘಟ ಹಾಕುತ್ತಾರೆ. ಬುಟ್ಟಿಯಲ್ಲಿ ಹೊಲದ ಮಣ್ಣು, ಅದರ ಮೇಲೆ ಗೋಧಿ ಜೋಳ ಚೆಲ್ಲಿ, ನಡುವೆ ನೀರು ತುಂಬಿದ ಮಡಕೆ, ಪಕ್ಕದಲ್ಲಿ ಒಂದು ಸಣ್ಣ ದೀಪ. ಒಂಬತ್ತು ದಿನದಲ್ಲಿ ಸಸಿಗಳು ಗೇಣುದ್ದ ಎದ್ದು ಅರಿಸಿನದ ಬಣ್ಣಕ್ಕೆ ತಿರುಗಿರುತ್ತವೆ. ದಶಮಿಯ ದಿನ ಅವನ್ನು ಕಿತ್ತು ಗಂಡಸರು ಟೋಪಿಯಲ್ಲಿ, ಹೆಂಗಸರು ತುರುಬಿನಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಆ ಸಸಿಗಳಿಗೂ ಘಟ ಎಂದೇ ಹೆಸರು. ಘಟ ಎಷ್ಟು ಎತ್ತರ, ಎಷ್ಟು ಹಳದಿ, ಅಷ್ಟು ಶುಭ. ‘ಈ ಸಲ ನಿಮ್ಮ ಘಟ ಭಾಳ ಛಲೋ ಬಂದಾವ’ ಎಂದು ಹೆಂಗಸರು ಒಬ್ಬರ ಮನೆಗೆ ಒಬ್ಬರು ಹೋಗಿ ಹೊಗಳುವುದನ್ನು ಕೇಳುತ್ತಲೇ ನಾನು ಬೆಳೆದವಳು.

ಒಂಬತ್ತನೆಯ ದಿನ ಸಾಮಾನಿನ ಕೋಣೆಯ ಬಾಗಿಲು ತೆರೆದಾಗ ಮೂರು ತಟ್ಟೆಯಲ್ಲೂ ಗೇಣುದ್ದ ಹಳದಿ ಸಸಿಗಳು ನಿಂತಿದ್ದವು. ಕಿಟಕಿಯವು ಅರ್ಧ ಗೇಣೂ ಇರಲಿಲ್ಲ, ಹಸಿರಾಗಿ ಗಿಡ್ಡಗೆ ಕೂತಿದ್ದವು. ತರಗತಿಗೆ ತರಗತಿಯೇ ಚಪ್ಪಾಳೆ ತಟ್ಟಿತು. ಎಂಟನೆಯ ತರಗತಿಗೆ ಪತ್ರಹರಿತ್ತಿನ ಪಾಠ ವರ್ಷಾ ವರ್ಷಾ ಮಾಡುವ ನಾನೂ ತಟ್ಟಿದೆ. ನನ್ನ ತಲೆಯಲ್ಲಿ ಪುಸ್ತಕ ಒಂದು ಕಡೆ ಇತ್ತು, ದೇವರ ಕೋಣೆ ಇನ್ನೊಂದು ಕಡೆ. ಕಣ್ಣಿಗೆ ಹಳದಿ ಬಿದ್ದಾಗ ಎದ್ದು ಬಂದದ್ದು ದೇವರ ಕೋಣೆ.

ಅಳತೆ ಬರೆಯುವ ಕೆಲಸ ಒಂಬತ್ತನೆಯ ತರಗತಿಯ ನೀಲಮ್ಮನದು. ತೆಳ್ಳನೆಯ ಹುಡುಗಿ, ಅಂಕಿಗಳನ್ನು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದಳು. ಪ್ರದರ್ಶನಕ್ಕೆ ನನ್ನ ಜೊತೆ ಹೋಗುವವಳು ಅವಳೇ ಎಂದು ತೀರ್ಮಾನವಾಗಿತ್ತು. ಅವಳು ಕಲಬುರಗಿ ನೋಡಿರಲಿಲ್ಲ. ಪಟ್ಟೆ ಪಟ್ಟೆಯ ಒಂದು ಲಂಗ ಒಗೆದು ಮಡಿಚಿ ಇಟ್ಟಿದ್ದೇನೆ ಎಂದು ಎರಡು ಸಲ ಹೇಳಿದ್ದಳು. ಚಪ್ಪಾಳೆ ನಿಂತ ಮೇಲೆ ಅವಳು ಎದ್ದು ನಿಂತಳು.

‘ಅಕ್ಕೋರ, ನಮ್ಮ ಮನ್ಯಾಗ ಯಾರೂ ಹಾಡಂಗಿಲ್ರಿ. ಅವ್ವಗ ಕಿವಿ ಕೇಳಂಗಿಲ್ಲ, ಮಾತೂ ಬರಂಗಿಲ್ಲ. ಅಪ್ಪ ಹೊಲದಾಗ ಇರ್ತಾನ. ಆದರೂ ನಮ್ಮ ಘಟ ಇಷ್ಟೇ ಎತ್ತರ ಬೆಳೀತಾವ್ರಿ.’

ತರಗತಿಯಲ್ಲಿ ಯಾರೋ ಕಿಸಕ್ಕೆಂದರು. ನನಗೆ ರಕ್ತ ತಲೆಗೇರಿತು. ಪ್ರದರ್ಶನಕ್ಕೆ ಹತ್ತು ದಿನವಿದೆ, ಚಾರ್ಟು ಬರೆಸಿದ್ದಾಗಿದೆ, ಈಗ ಇವಳದೊಂದು. ದೇವರ ಕೆಲಸವನ್ನು ಪ್ರಯೋಗಕ್ಕೆ ಹೋಲಿಸುತ್ತೀಯಾ, ಹಿರಿಯರ ಮಾತಿನ ನಡುವೆ ಬಾಯಿ ಹಾಕುತ್ತೀಯಾ ಎಂದು ಏನೇನೋ ಬೈದೆ. ಕೂಡು ಅಂದೆ. ಅವಳು ಕೂಡಲಿಲ್ಲ, ಇನ್ನೇನೋ ಹೇಳುವುದಿತ್ತು. ಅಳತೆಯ ವಹಿ ಅವಳ ಕೈಯಿಂದ ಕಿತ್ತುಕೊಂಡು ಬೇರೆ ಹುಡುಗಿಗೆ ಕೊಟ್ಟೆ. ಕಲಬುರಗಿಗೆ ನೀನು ಬರಬೇಡ ಎಂದೂ ಹೇಳಿಬಿಟ್ಟೆ.

ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಆದರೆ ಇದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ, ಅದನ್ನೂ ಬರೆಯಬೇಕು.

ಪ್ರದರ್ಶನಕ್ಕೆ ಮತ್ತೆ ಹೊಸ ತಟ್ಟೆಗಳನ್ನು ಅದೇ ರೀತಿ ಬೆಳೆಸಿ, ಇಬ್ಬರು ಹುಡುಗಿಯರನ್ನು ಕರೆದುಕೊಂಡು ಹೋದೆ. ನಮ್ಮ ಮೇಜಿನ ಮುಂದೆ ಜನ ಗುಂಪು ಕಟ್ಟಿತು. ಮಧ್ಯಾಹ್ನ ತೀರ್ಪುಗಾರರು ಬಂದರು. ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ವಯಸ್ಸಾದ ಪ್ರಾಧ್ಯಾಪಕರು. ಚಾರ್ಟು ಓದಲಿಲ್ಲ. ಶಹನಾಯಿಯ ತಟ್ಟೆಯ ಮೇಲೆ ಅಂಗೈ ಮೆಲ್ಲಗೆ ಆಡಿಸಿದರು. ಸಸಿಗಳು ಬಿದ್ದವು, ಬಿದ್ದಲ್ಲೇ ಇದ್ದವು. ಕಿಟಕಿಯ ತಟ್ಟೆಯ ಮೇಲೂ ಅಂಗೈ ಆಡಿಸಿದರು. ಅವು ಬಾಗಿ ಮತ್ತೆ ಎದ್ದು ನಿಂತವು.

‘ಎರಡೂ ಒಂದೇ ಕಡೆ ಇದ್ದವೇನಮ್ಮ?’ ಎಂದು ಕೇಳಿದರು.

ಒಂದು ಕಿಟಕಿಯಲ್ಲಿ, ಒಂದು ಸಾಮಾನಿನ ಕೋಣೆಯಲ್ಲಿ ಎಂದು ಹೇಳುವಷ್ಟರಲ್ಲೇ ನನಗೆ ಎಲ್ಲ ತಿಳಿದುಹೋಯಿತು. ಕತ್ತಲಲ್ಲಿ ಇಟ್ಟರೆ ಸಸಿ ಬೆಳಕು ಹುಡುಕಿ ಉದ್ದವಾಗುತ್ತದೆ, ಅದು ಬೆಳವಣಿಗೆಯಲ್ಲ, ಪರದಾಟ ಎಂದು ಅವರು ಹುಡುಗಿಯರಿಗೆ ಸಮಾಧಾನವಾಗಿ ವಿವರಿಸಿದರು. ಕೊನೆಗೆ ನನ್ನ ಕಡೆ ತಿರುಗಿ, ‘ಈ ಅನುಮಾನ ನಿಮ್ಮ ತರಗತಿಯಲ್ಲಿ ಒಬ್ಬರಿಗೂ ಬರಲಿಲ್ಲವೇ?’ ಎಂದರು.

ಇಲ್ಲ ಸರ್ ಅಂದೆ.

ಇಬ್ಬರು ಹುಡುಗಿಯರೂ ನೆಲ ನೋಡಿದರು. ಬಸ್ಸಿನಲ್ಲಿ ಇಬ್ಬರೂ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದರು. ಅಫಜಲಪುರ ದಾಟಿದ ಮೇಲೆ ಒಬ್ಬಳು ನನ್ನ ಮುಖ ನೋಡದೆ, ‘ನೀಲಿ ಹೇಳಿದ್ದಳಲ್ರಿ ಅಕ್ಕೋರ’ ಅಂದಳು.

ಮರುದಿನ ನೀಲಮ್ಮ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ವಿಚಾರಿಸಿದರೆ ನಾವು ಕಲಬುರಗಿಗೆ ಹೋಗುವ ಎರಡು ದಿನ ಮುಂಚೆಯೇ ಬರುವುದು ಬಿಟ್ಟಿದ್ದಳಂತೆ, ತಟ್ಟೆಗಳ ಗಡಿಬಿಡಿಯಲ್ಲಿ ನಾನು ಗಮನಿಸಿರಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿ ಐದು ದಿನ ಶಾಲೆ ತಪ್ಪಿಸಿದರೆ ಆರನೆಯ ದಿನ ಬರುತ್ತಾಳೆಂಬ ಭರವಸೆ ನಮ್ಮ ಕಡೆ ಇರುವುದಿಲ್ಲ. ಆ ಮುತ್ತಿನಂಥ ಅಂಕಿಗಳು ನನ್ನ ಬಾಯಿಯಿಂದಾಗಿ ಹೊಲದ ಕಸ ಕೀಳುವುದಕ್ಕೆ ಹೋದವೇ ಎಂದು ನನಗೆ ಅನ್ನ ಸೇರಲಿಲ್ಲ. ಸಂಜೆ ಶಾಲೆ ಬಿಟ್ಟ ಕೂಡಲೇ ಅವರ ಮನೆಗೆ ನಡೆದೆ.

ನೀಲಮ್ಮ ಅಂಗಳದಲ್ಲಿ ಕೈಯಲ್ಲೊಂದು ಕೋಲು ಹಿಡಿದು ಕೂತಿದ್ದಳು. ಮುಂದೊಂದು ಮಣ್ಣಿನ ಬೋಗುಣಿ, ಅದರಲ್ಲಿ ಗೋಧಿಯ ಹಸಿರು ಮೊಳಕೆ. ನನ್ನನ್ನು ನೋಡಿ ಎದ್ದಳು, ಆದರೆ ಕೋಲು ಬಿಡಲಿಲ್ಲ. ಯಾಕೆ ಶಾಲೆಗೆ ಬರಲಿಲ್ಲ ಎಂದು ಕೇಳಿದರೆ, ಪಕ್ಕದ ಮನೆಯ ಆಡು ಬರುತ್ತದೆ, ಗುಬ್ಬಿಗಳು ಬೇರೆ, ಅವ್ವ ಹೊಲಕ್ಕೆ ಹೋದರೆ ಕಾಯುವವರು ಯಾರು ಅಂದಳು. ಇನ್ನೊಂದು ಬೋಗುಣಿ ಒಳಗೆ ದೇವರ ಕೋಣೆಯಲ್ಲಿತ್ತು. ಎರಡಕ್ಕೂ ಹಾಡಿಲ್ಲ. ನನ್ನ ಮೇಲೆ ಮುನಿಸಿಕೊಂಡು ಮನೆಯಲ್ಲಿ ಕೂತಿದ್ದಾಳೆ ಎಂದುಕೊಂಡು ನಾನು ಬಂದರೆ, ಹುಡುಗಿ ಪ್ರಯೋಗ ಮಾಡುತ್ತಿದ್ದಳು.

ತಪ್ಪಾಯಿತು ನೀಲಿ, ನೀನು ಹೇಳಿದ್ದೇ ಸರಿ ಅಂದೆ. ಅವಳು ಬೋಗುಣಿ ನೋಡಿದಳು, ನನ್ನನ್ನು ನೋಡಿದಳು.

‘ಇನ್ನಾ ಐದ ದಿನ ಅದಾವ್ರಿ ಅಕ್ಕೋರ. ಆಮ್ಯಾಲ ಗೊತ್ತಾಗ್ತದ, ತಪ್ಪೋ ಸರೀನೋ.’

ಇಷ್ಟು ವರ್ಷದ ನೌಕರಿಯಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಯಾರೂ ಹೇಳಿಕೊಟ್ಟಿಲ್ಲ. ನಾನು ಕ್ಷಮೆ ಕೇಳಿದರೂ ಆ ಹುಡುಗಿ ಫಲಿತಾಂಶ ಬರುವ ಮೊದಲು ಅದನ್ನು ತೆಗೆದುಕೊಳ್ಳಲು ತಯಾರಿರಲಿಲ್ಲ. ಅಷ್ಟರಲ್ಲಿ ಅವಳ ತಾಯಿ ಗೌರಮ್ಮ ಹೊಲದಿಂದ ಬಂದಳು. ತಲೆಯ ಮೇಲಿನ ಸಿಂಬಿ ತೆಗೆದು, ಮಗಳ ಕೈಸನ್ನೆ ನೋಡಿ, ಇವಳೇ ಆ ಅಕ್ಕೋರು ಎಂದು ಅರ್ಥಮಾಡಿಕೊಂಡಳು. ಏನೆಲ್ಲ ಅರ್ಥಮಾಡಿಕೊಂಡಳೋ ನನಗೆ ಗೊತ್ತಿಲ್ಲ. ಒಳಗೆ ಹೋಗಿ ಚಹಾ ಮಾಡಿ ತಂದುಕೊಟ್ಟಳು.

ಆ ಐದು ದಿನ ಬೋಗುಣಿ ಎರಡನ್ನೂ ಶಾಲೆಯಲ್ಲೇ ಇಟ್ಟೆವು, ಒಂದು ಅಂಗಳದಲ್ಲಿ, ಒಂದು ಸಾಮಾನಿನ ಕೋಣೆಯಲ್ಲಿ. ಫಲಿತಾಂಶ ನೀವು ಊಹಿಸಿದ್ದೇ. ನೀಲಮ್ಮ ತನ್ನ ಅಂಕಿ ಬೋರ್ಡಿನ ಮೇಲೆ ಬರೆದಳು. ನಾನು ಇಡೀ ತರಗತಿಯ ಎದುರು, ನೀಲಮ್ಮ ಸರಿ ಹೇಳಿದ್ದಳು, ನಾನು ಅವಳನ್ನು ಬೈದದ್ದು ತಪ್ಪು, ಕಲಬುರಗಿಯಲ್ಲಿ ನಾನು ಸುಳ್ಳು ಹೇಳಿದೆ ಎಂದೆ. ಸಂಜೆ ಗಣಿತದ ಮಾಸ್ತರು, ಅಕ್ಕೋರ, ಮಕ್ಕಳ ಮುಂದೆ ಹಾಗೆಲ್ಲ ಹೇಳಿದರೆ ನಾಳೆಯಿಂದ ನಿಮ್ಮ ಮಾತು ಕೇಳುವುದಿಲ್ಲ ಎಂದು ಎಚ್ಚರಿಸಿದರು. ಅವರ ಮಾತು ಸುಳ್ಳಾಯಿತು. ಆ ತರಗತಿ ನನ್ನ ಮಾತು ಕೇಳಿದಷ್ಟು ಇನ್ನಾವ ತರಗತಿಯೂ ಕೇಳಲಿಲ್ಲ.

ಆ ಪ್ರಾಧ್ಯಾಪಕರಿಗೂ ಒಂದು ಪತ್ರ ಬರೆದು ಅವರ ಕಾಲೇಜಿನ ವಿಳಾಸಕ್ಕೆ ಹಾಕಿದೆ. ‘ಒಬ್ಬರಿಗೂ ಅನುಮಾನ ಬರಲಿಲ್ಲವೇ ಎಂದು ಕೇಳಿದ್ದಿರಿ. ಬಂದಿತ್ತು. ಹಾಡಿಲ್ಲದೆಯೂ ನಮ್ಮ ಮನೆಯ ಘಟ ಇಷ್ಟೇ ಎತ್ತರ ಬೆಳೆಯುತ್ತವೆ ಎಂದು ಒಂಬತ್ತನೆಯ ತರಗತಿಯ ನೀಲಮ್ಮ ಹೇಳಿದ್ದಳು. ನಾನು ಅವಳ ಬಾಯಿ ಮುಚ್ಚಿಸಿ ನಿಮ್ಮೆದುರು ಇಲ್ಲ ಎಂದೆ.’ ಹದಿನೈದು ದಿನಕ್ಕೆ ಕಾರ್ಡು ಬಂತು. ನನ್ನ ಹೆಸರಿಗಲ್ಲ, ‘ಕುಮಾರಿ ನೀಲಮ್ಮ, ಒಂಬತ್ತನೆಯ ತರಗತಿ’ ಎಂದು. ಅದರಲ್ಲಿ ಎರಡೇ ಸಾಲು. ‘ನಿಮ್ಮ ಮನೆಯ ಘಟ ಎಷ್ಟು ಎತ್ತರ ಬಂದಿತ್ತು? ಇಷ್ಟೇ ಎಂದರೆ ಸಾಲದು, ಮುಂದಿನ ವರ್ಷ ಅಳೆದು ಬರಿ.’ ಅದನ್ನು ಓದಿಕೊಂಡು ಅವಳು ಮನೆಯವರೆಗೂ ಓಡಿದಳಂತೆ.

ಆಮೇಲೆ ನಾವು ಸರಿಯಾಗಿ ಮಾಡಿದೆವು. ಬೆಳಕಿನಲ್ಲಿ ಶಹನಾಯಿ ಕೇಳುವ ತಟ್ಟೆ, ಕೇಳದ ತಟ್ಟೆ. ಕತ್ತಲಲ್ಲೂ ಹಾಗೆಯೇ ಎರಡು. ಸಸಿಯ ಎತ್ತರ ನೋಡಿದ್ದಷ್ಟೇ ಅಲ್ಲ, ಬೇರು ಸಮೇತ ಕಿತ್ತು ತೊಳೆದು, ಒಣಗಿಸಿ ತೂಗಿದೆವು. ಅಷ್ಟು ಸಣ್ಣ ತೂಕದ ತಕ್ಕಡಿ ಶಾಲೆಯಲ್ಲಿ ಎಲ್ಲಿಂದ ಬರಬೇಕು? ಊರಿನ ಅಕ್ಕಸಾಲಿಗರು ಬಂಗಾರ ತೂಗುವ ತಮ್ಮ ತಕ್ಕಡಿಯನ್ನು ಬಟ್ಟೆಯಲ್ಲಿ ಸುತ್ತಿ ತಾವೇ ಹೊತ್ತು ತಂದು, ಒಣ ಹುಲ್ಲು ತೂಗುವುದನ್ನು ನೋಡುತ್ತ ಪಕ್ಕದಲ್ಲೇ ಕೂತರು. ಗೇಣುದ್ದದ ಹಳದಿ ಸಸಿ ಗಿಡ್ಡ ಹಸಿರಿಗಿಂತ ಹಗುರ ಎಂದು ಗೊತ್ತಾದಾಗ ಎಲ್ಲರಿಗಿಂತ ಬೆರಗಾದವರು ಅವರು. ಶಹನಾಯಿಯಿಂದ ಯಾವ ಕೋಣೆಯಲ್ಲೂ ಏನೂ ವ್ಯತ್ಯಾಸವಾಗಲಿಲ್ಲ. ಮುಂದಿನ ವರ್ಷದ ಪ್ರದರ್ಶನಕ್ಕೆ ನೀಲಮ್ಮ ಪಟ್ಟೆಯ ಲಂಗ ಉಟ್ಟು ಬಂದು, ‘ಹಾಡಿಗೆ ಗಿಡ ಬೆಳೆಯಲಿಲ್ಲ’ ಎಂಬ ಚಾರ್ಟಿನ ಮುಂದೆ ದಿನವಿಡೀ ನಿಂತಳು. ಬಹುಮಾನ ಬರಲಿಲ್ಲ, ಅದು ಬಣ್ಣದ ದೀಪ ಮಿಣುಕುವ ಜ್ವಾಲಾಮುಖಿಗೆ ಹೋಯಿತು. ಅವಳಿಗೆ ಬೇಜಾರಾಗಿರಬೇಕೆಂದು ಐಸ್‌ಕ್ರೀಮ್ ಕೊಡಿಸಿದೆ. ಅವಳು ತಿನ್ನುತ್ತ, ಜ್ವಾಲಾಮುಖಿಯನ್ನು ಎರಡನೆಯ ಸಲ ಹತ್ತಿಸಿದರೆ ಹತ್ತಲಿಲ್ಲ ನೋಡಿದಿರಾ ಎಂದು ಕೇಳಿದಳು.

ಜೇವರ್ಗಿಯ ಕೊನೆಯ ವರ್ಷಗಳಲ್ಲಿ ಕಾಲ ಪೂರ್ತಿ ಬದಲಾಗಿತ್ತು. ಟೇಪ್ ರೆಕಾರ್ಡರ್ ಹೋಗಿ ಮೊಬೈಲು ಬಂದಿತ್ತು. ಸಂಗೀತ ಕೇಳಿ ಗಿಡ ಕುಣಿಯುವ ವೀಡಿಯೊ ಹಿಡಿದುಕೊಂಡು ಹುಡುಗರು ಬರುತ್ತಿದ್ದರು. ಸುಳ್ಳು ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಎರಡಲ್ಲ, ನಾಲ್ಕು ತಟ್ಟೆ ತನ್ನಿರಿ ಅನ್ನುತ್ತಿದ್ದೆ. ಅಳತೆಪಟ್ಟಿಯ ಪಕ್ಕ ಸಸಿ ನಿಲ್ಲಿಸಿ ದಿನಾ ಮೊಬೈಲಿನಲ್ಲಿ ಫೋಟೋ ತೆಗೆಯುವುದನ್ನು ಅವರೇ ನನಗೆ ಕಲಿಸಿದರು. ಸದ್ದು ಎಷ್ಟಿದೆ ಎಂದು ಅಳೆಯುವುದೂ ಅದರಲ್ಲೇ ಇತ್ತು. ಅಲ್ಲಿಯೇ ಒಂದು ಕತ್ತಲ ಕೋಣೆಯಲ್ಲಿ ಎಲ್‌ಇಡಿ ದೀಪ ತೂಗುಹಾಕಿ ಪಾಲಕ ಸೊಪ್ಪು ಬೆಳೆಸಿದೆವು. ಸೊಂಪಾಗಿ, ಹಸಿರಾಗಿ ಬಂತು. ಕರೆಂಟಿನಿಂದ ಕೋಣೆಯೊಳಗೆ ಗಿಡ ಬೆಳೆಸಬೇಕೆಂದು ಕರಜಗಿಯಲ್ಲಿ ಹೊರಟವಳಿಗೆ ಅದು ಬೆಳಕಾಗಿ ಬರಬೇಕು ಎಂದು ತಿಳಿಯುವುದರೊಳಗೆ ಕೂದಲು ನರೆತಿತ್ತು. ಆ ಪಾಲಕದ ಪಲ್ಯ ಇಡೀ ಶಾಲೆ ತಿಂದಿತು. ಆ ಸಾಹೇಬರು ಇದ್ದಿದ್ದರೆ ಕರೆದು ಬಲ್ಬು ಹತ್ತಿದೆ ಎಂದು ತೋರಿಸುತ್ತಿದ್ದೆ.

ನಿವೃತ್ತಿಯ ನಂತರದ ಮೊದಲ ದಸರೆಗೆ ನೀಲಮ್ಮ ಫೋನು ಮಾಡಿ, ದಶಮಿಗೆ ಬರಲೇಬೇಕು ಅಂದಳು. ಮಣ್ಣೂರಿಗೆ ಹೋದೆ. ಅವಳು ಡಿಗ್ರಿ ಮುಗಿಸಿ ಊರಲ್ಲೇ ನೆಲೆಸಿದ್ದಾಳೆ. ಗಂಡ, ಇಬ್ಬರು ಮಕ್ಕಳು, ತಾಯಿ. ಮನೆಯ ಹಿಂದೆ ಹಸಿರು ನೆರಳು ಪರದೆಯ ಕೆಳಗೆ ಬದನೆ, ಟೊಮೆಟೊ, ಮೆಣಸಿನ ಸಸಿ ಬೆಳೆಸಿ ಮಾರುತ್ತಾಳೆ. ನಾನು ಹೋದಾಗ ಕರಜಗಿಯಿಂದ ಬಂದ ರೈತರೊಬ್ಬರ ಜೊತೆ ವಾದ ನಡೆದಿತ್ತು. ಅವರಿಗೆ ಉದ್ದನೆಯ ಸಸಿ ಬೇಕು, ಇವಳು ಗಿಡ್ಡ ದಪ್ಪ ಕಾಂಡದವನ್ನೇ ಆರಿಸಿ ಕೊಡುತ್ತಿದ್ದಳು. ಅಂಗೈ ಸಸಿಗಳ ಮೇಲೆ ಆಡಿಸಿ ತೋರಿಸಿದಳು. ಆ ಅಂಗೈ ಆಡಿಸುವುದನ್ನು ಅವಳಿಗೆ ಹೇಳಿಕೊಟ್ಟವಳು ನಾನು, ನನಗೆ ಆ ಪ್ರಾಧ್ಯಾಪಕರು.

ಒಳಗೆ ದೇವರ ಕೋಣೆಗೆ ಕರೆದಳು. ಘಟ ಗೇಣುದ್ದ ಬಂದಿದ್ದವು, ಹಳದಿಗೆ ಹಳದಿ. ಗೋಡೆಯ ಮೊಳೆಗೆ ಬಿಳಿ ದಾರದ ಒಂದು ಗೊಂಚಲು ನೇತಾಡುತ್ತಿತ್ತು. ಇದೇನು ಎಂದು ಕೇಳಿದೆ.

ಪ್ರಾಧ್ಯಾಪಕರ ಕಾರ್ಡು ಬಂದ ಮರುವರ್ಷ ಮನೆಯಲ್ಲಿ ಅಳತೆಪಟ್ಟಿ ಇರಲಿಲ್ಲವಂತೆ. ಗೌರಮ್ಮ ಸಸಿಯ ಪಕ್ಕ ದಾರ ಹಿಡಿದು ಅಷ್ಟೇ ಉದ್ದಕ್ಕೆ ಹರಿದು ಮಗಳ ಕೈಗೆ ಕೊಟ್ಟಿದ್ದಳು. ನೀಲಮ್ಮ ಅದನ್ನು ಶಾಲೆಯಲ್ಲಿ ಅಳೆದು ಕಾಗದ ಬರೆದಳು. ನೀಲಮ್ಮನ ಕೆಲಸ ಅಲ್ಲಿಗೆ ಮುಗಿದಿತ್ತು. ತಾಯಿಯದು ಮುಗಿಯಲಿಲ್ಲ. ಪ್ರತಿ ದಶಮಿಗೂ ಒಂದು ದಾರ ಅಳೆದು ಮೊಳೆಗೆ ಹಾಕುತ್ತ ಬಂದಿದ್ದಾಳೆ, ಇಪ್ಪತ್ತು ವರ್ಷಕ್ಕೂ ಮೇಲೆ. ಯಾಕೆಂದು ಅವಳನ್ನು ಯಾರೂ ಕೇಳಿಲ್ಲ.

ಗೊಂಚಲಿನಲ್ಲಿ ಕೊನೆಯ ಕೆಲವು ದಾರಗಳಿಗೆ ಮಾತ್ರ ತುದಿಯಲ್ಲಿ ಒಂದೊಂದು ಗಂಟು. ಅದೇನು ಎಂದರೆ ನೀಲಮ್ಮ ನಕ್ಕಳು.

‘ನನ್ನ ಮಕ್ಕಳು ದಿನಾ ಸಂಜೀಕ ಇಲ್ಲೇ ಕುಂತು ಭಜನಿ ಹಾಡ್ತಾವ್ರಿ ಅಕ್ಕೋರ. ಅವ್ವಗ ಕೇಳಂಗಿಲ್ಲ, ಆದರ ಮೊಮ್ಮಗಳ ಬೆನ್ನ ಮ್ಯಾಲ ಕೈಯಿಟ್ಟು ಕುಂದರ್ತಾಳ. ಹಾಡಿದ ವರ್ಷದ ದಾರಕ್ಕ ಗಂಟ ಹಾಕ್ಯಾಳ. ನಾ ಹೇಳಿಲ್ರಿ, ತಾನ ಹಾಕ್ಯಾಳ.’

ಗೌರಮ್ಮ ಗೊಂಚಲನ್ನು ಮೊಳೆಯಿಂದ ತೆಗೆದಳು. ಗಂಟಿನ ದಾರ ಒಂದು, ಗಂಟಿಲ್ಲದ ದಾರ ಒಂದು, ಜೋಡಿಸಿ ನನ್ನ ಕಣ್ಣ ಮುಂದೆ ಹಿಡಿದಳು. ಇನ್ನೆರಡು ಹಿಡಿದಳು. ಮತ್ತೆರಡು. ಒಂದು ಬೆರಳಿನಷ್ಟು ಹೆಚ್ಚು ಕಡಿಮೆ, ಅಷ್ಟೇ. ಅವಳು ನನ್ನ ಮುಖ ನೋಡುತ್ತಿದ್ದಳು. ಶಹನಾಯಿ, ಟೇಪು, ಚಾರ್ಟು, ಮೂವತ್ತು ವರ್ಷದ ನನ್ನ ವಿಜ್ಞಾನ ಎಲ್ಲ ಹೊತ್ತು ನಾನು ತಲುಪಿದ ಜಾಗಕ್ಕೆ ಅವಳು ಒಂದು ಉಂಡೆ ದಾರ ಹಿಡಿದು ನನಗಿಂತ ಮುಂಚೆ ಬಂದು ಕೂತಿದ್ದಳು. ನನ್ನ ಕಣ್ಣು ತುಂಬಿತು, ತಡೆಯಲಿಲ್ಲ.

ಸವಿತಾ, ನಿನ್ನ ತರಗತಿಯಲ್ಲೂ ಯಾರಾದರೂ ಎದ್ದು ನಿಂತು, ನಮ್ಮ ಮನೆಯಲ್ಲಿ ಹಾಗಾಗುವುದಿಲ್ಲರಿ ಎನ್ನುತ್ತಾರೆ. ನಿನಗೂ ಸಿಟ್ಟು ಬರುತ್ತದೆ, ನಮ್ಮ ಮನೆತನದವಳೇ ಅಲ್ಲವೇ ನೀನು. ಆಗ ಅವರ ಮನೆ ಎಲ್ಲಿದೆ ಎಂದು ಕೇಳಿಕೊಂಡು ಹೋಗು.

ಗೌರಮ್ಮ ಆ ವರ್ಷದ ದಾರ ಇನ್ನೂ ಅಳೆದಿರಲಿಲ್ಲ, ನಾನು ಬರಲೆಂದು ಕಾದಿದ್ದಳು. ಉಂಡೆಯಿಂದ ದಾರ ಬಿಚ್ಚಿದಳು. ಬೈದು ಅವಳ ಮಗಳ ಕೈಯಿಂದ ಅಳತೆಯ ವಹಿ ಕಿತ್ತುಕೊಂಡ ಕೈ ನನ್ನದು. ಆ ಕೈಯನ್ನು ಹಿಡಿದು, ದಾರದ ಒಂದು ತುದಿ ಅದರಲ್ಲಿಟ್ಟು, ಸಸಿಯ ಬುಡಕ್ಕೆ ಹಿಡಿ ಎಂದು ಸನ್ನೆ ಮಾಡಿದಳು. ಮಕ್ಕಳು ಹಾಡುತ್ತಿದ್ದರು. ನಾನು ಬಗ್ಗಿ ಗಟ್ಟಿಯಾಗಿ ಹಿಡಿದೆ.